ರಕ್ತಪಿಶಾಚಿಯನ್ನು ಚಂದ್ರನಿಗೆ ಕಳುಹಿಸಿದ ಮ್ಯಾನೇಜರರಿಗೆ

ಮುಂಬಯಿ ಪರೇಲಿನ ಟಾಕೀಸಿನ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಗಿರಣಿಗಳ ಪಾಳಿಯ ಸೈರನ್ನು, ಆ ಭೋಂಗಾ, ಊದಿದರೂ ಕದಡದಂಥ ನೆಮ್ಮದಿಯಲ್ಲಿ ತಾವಿದ್ದೀರೆಂದು ನಂಬಿ, ತಮ್ಮ ಮುಂದಿನ ಸಾಲಿನ ಖಾಯಂ ಪ್ರೇಕ್ಷಕನೂ, ಪಕ್ಕದ ಗಲ್ಲಿಯ ಶೆಟ್ಟರ ಹೋಟೆಲಿನ ಸಪ್ಲೈಯರನೂ, ಕನ್ನಡ ರಾತ್ರಿಶಾಲೆಯ ಎಂಟನೆಯ ತರಗತಿಯ ವಿದ್ಯಾರ್ಥಿಯೂ ಆದ ನಾನು ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ತಮಗೆ ಮುಜುಗರವಾದೀತೆಂದು ಟಾಕೀಸಿನ ಹೆಸರು ಬಿಟ್ಟಿದ್ದೇನೆ. ತಮಗೆ ಕನ್ನಡ ಬಾರದೆಂಬುದು ಗೊತ್ತು. ನನಗೂ ತಮ್ಮ ಚಿತ್ರಗಳ ಇಂಗ್ಲಿಷ್ ಬಾರದು. ಆದರೂ ನೋಡಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತೇನೆ. ತಾವೂ ಹಾಗೆಯೇ ಪ್ರಯತ್ನಿಸಬೇಕು.

ಕುತ್ತಿಗೆಗೆ ಬಾಯಿ ಹಾಕಿ ರಕ್ತ ಹೀರುವ ಪಿಶಾಚಿಯ ಚಿತ್ರ ಮತ್ತು ರಾಕೆಟ್ಟಿನ ಚಿತ್ರ, ಇವೆರಡು ಬಂದರೆ ನನ್ನನ್ನು ಕಟ್ಟಿಹಾಕಲು ಯಾರಿಂದಲೂ ಆಗದು. ಭಾನುವಾರ ನಾನು ಮ್ಯಾಟಿನಿಗೆ ಬಂದಾಗ ಹಿಟ್ಟು ರುಬ್ಬುವ ಐತಣ್ಣ ತನ್ನ ಕೆಲಸದ ಜೊತೆ ನನ್ನ ಮೇಜುಗಳನ್ನೂ ನೋಡಿಕೊಳ್ಳುತ್ತಾನೆ. ಬದಲಿಗೆ ಸೋಮವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ, ಅಡುಗೆಮನೆಯವರೆಲ್ಲ ಬಟಾಟೆ ಸಿಪ್ಪೆ ತೆಗೆಯುತ್ತಾ ಕೂತಾಗ ನಾನು ಚಿತ್ರದ ಕತೆಯನ್ನು ಒಂದು ದೃಶ್ಯವನ್ನೂ ಬಿಡದೆ ಹೇಳಬೇಕು. ಆರು ವರ್ಷಗಳಿಂದ ನಡೆದುಬಂದ ಈ ಏರ್ಪಾಡಿನ ಬುಡಕ್ಕೇ ತಾವು ಕೊಡಲಿ ಹಾಕಿದ್ದೀರಿ.

ಕಳೆದ ತಿಂಗಳ ಚಿತ್ರದಲ್ಲಿ ಪಿಶಾಚಿ ಶವಪೆಟ್ಟಿಗೆಯೊಳಗೆ ಮಲಗಿ ಮುಚ್ಚಳ ಎಳೆದುಕೊಂಡ. ತೆರೆ ಒಮ್ಮೆ ಕತ್ತಲಾಯಿತು. ಮರುಗಳಿಗೆಯಲ್ಲಿ ರಾಕೆಟ್ಟು ಬೆಂಕಿ ಉಗುಳುತ್ತಾ ಹಾರಿ ಚಂದ್ರನ ಮೇಲೆ ಇಳಿಯಿತು. ಅದುವರೆಗೆ ಬಣ್ಣದಲ್ಲಿದ್ದ ಚಿತ್ರ ಕಪ್ಪು ಬಿಳುಪಾದದ್ದಕ್ಕೆ, ಚಂದ್ರನ ಮೇಲೆ ಬಣ್ಣ ಎಲ್ಲಿಂದ ಬರಬೇಕು ಎಂದುಕೊಂಡೆ. ಬಿಸಿಲು ತಾಗಿದರೆ ಸಾಯುವವನು, ಒಂದು ರಾತ್ರಿಯೆಂದರೆ ಹದಿನಾಲ್ಕು ದಿನ ಇರುವ ಚಂದ್ರನಿಗೆ ಹೋಗದೆ ಇನ್ನೆಲ್ಲಿಗೆ ಹೋದಾನು? ರಾತ್ರಿಶಾಲೆಯ ವಿಜ್ಞಾನದ ಪಾಠ ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ತಲೆಗೆ ಗಾಜಿನ ಬುರುಡೆ ಹಾಕಿಕೊಂಡಿದ್ದರಿಂದ ಅವನಿಗೆ ಯಾರನ್ನೂ ಕಚ್ಚಲಾಗಲಿಲ್ಲ. ಹೀಗೆ ಸಾಯದೆ, ಕೊಲ್ಲದೆ ಅವನು ಉದ್ಧಾರವಾದ. ಸೋಮವಾರ ಇದನ್ನು ಹೇಳಿದಾಗ ಐತಣ್ಣನ ರುಬ್ಬುವ ಕಲ್ಲು ತಾನಾಗಿ ನಿಂತಿತು. ಅವನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ಮುಂದಿನ ವಾರ ಕಾಂದಿವಲಿಯ ಹೋಟೆಲಿನಿಂದ ಐತಣ್ಣನ ಅಳಿಯ ದೂಜ ಬಂದ. ಅದೇ ಚಿತ್ರವನ್ನು ಅವನು ಆ ಕಡೆ ನೋಡಿದ್ದನಂತೆ. ಪಿಶಾಚಿ ಬಿಸಿಲಿಗೆ ಸಿಕ್ಕಿ ಬೂದಿಯಾದನೆಂದೂ, ಚಂದ್ರ ಗಿಂದ್ರ ಏನೂ ಇಲ್ಲವೆಂದೂ, ನಾನು ಟಾಕೀಸಿನಲ್ಲಿ ನಿದ್ದೆ ಹೊಡೆದು ಬರುತ್ತೇನೆಂದೂ ಎಲ್ಲರೆದುರು ಹೇಳಿಬಿಟ್ಟ. ಅಂದಿನಿಂದ ನನ್ನ ಕತೆಯನ್ನು ಯಾರೂ ಕೇಳುತ್ತಿಲ್ಲ, ಮೇಜುಗಳನ್ನೂ ನೋಡಿಕೊಳ್ಳುತ್ತಿಲ್ಲ. ಎರಡು ಭಾನುವಾರ ಚಿತ್ರವಿಲ್ಲದೆ ಕಳೆದವು. ನನಗೆ ಬಹಳ ಸಂಕಟವಾಯಿತು ಸಾಹೇಬರೇ.

ವಿಚಾರಿಸಲು ಬಂದಾಗ ತಮ್ಮ ಡೋರ್‌ಕೀಪರ್ ಬೀಡಿ ಸೇದುತ್ತಾ ಸತ್ಯ ತಿಳಿಸಿದ. ಒಂದೇ ಚಿತ್ರವನ್ನು ಎರಡು ಟಾಕೀಸುಗಳಲ್ಲಿ ಓಡಿಸುತ್ತಾ, ರೀಲಿನ ಡಬ್ಬಿಗಳನ್ನು ಸೈಕಲ್ಲಿನಲ್ಲಿ ಅತ್ತಿಂದಿತ್ತ ಸಾಗಿಸುವುದು ತಮ್ಮ ಪದ್ಧತಿಯಂತೆ. ಅಂದು ಕೊನೆಯ ರೀಲು ಗಿರಣಿ ಕಾರ್ಮಿಕರ ಮೋರ್ಚಾದಲ್ಲಿ ಸಿಕ್ಕಿಬಿತ್ತು, ಜನ ಸೀಟಿ ಹೊಡೆದರು, ತಾವು ಮುಂದಿನ ವಾರದ ರಾಕೆಟ್ಟಿನ ಚಿತ್ರದ ರೀಲನ್ನೇ ಹಾಕಿಸಿದಿರಿ. ಎಷ್ಟು ಸಮಯಸ್ಫೂರ್ತಿ! ಯಾವ ವಿಜ್ಞಾನಿಗೂ ಹೊಳೆಯದ ಪರಿಹಾರವನ್ನು ತಾವು ಕುಳಿತಲ್ಲಿಂದಲೇ ಕಂಡುಹಿಡಿದಿರಿ.

ಈ ನಿಜವನ್ನು ಅಡುಗೆಮನೆಯಲ್ಲಿ ಹೇಳಿಬಿಡೋಣವೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಐತಣ್ಣ ಹೇಳಿದ: "ಅವ ಚಂದ್ರನಿಗೆ ಹೋದದ್ದು ನಾನೇ ಕಣ್ಣಾರೆ ನೋಡ್ಬೇಕು ಮಾರಾಯ. ಉಂಟು ಅಂತಾದ್ರೆ ಆ ದೂಜನ ಬಾಯಿ ನಾನೇ ಮುಚ್ಚಿಸ್ತೇನೆ." ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿರುವ ಐತಣ್ಣ ಒಮ್ಮೆಯೂ ಟಾಕೀಸಿನೊಳಗೆ ಕಾಲಿಟ್ಟವನಲ್ಲ. ನಿಜವನ್ನು ನುಂಗಿಕೊಂಡು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಬರುವ ಭಾನುವಾರ ಆ ಚಿತ್ರವನ್ನು ಮತ್ತೆ ಹಾಕಿಸಿ, ಕೊನೆಯ ರೀಲನ್ನು ದಯವಿಟ್ಟು ತಪ್ಪಾಗಿಯೇ ಓಡಿಸಬೇಕು. ಸರಿಯಾದ ರೀಲು ಸರಿಯಾದ ಹೊತ್ತಿಗೆ ಬಂದರೆ ನಾನು ಜನ್ಮಪೂರ್ತಿ ಸುಳ್ಳುಗಾರನಾಗುತ್ತೇನೆ. ತಮ್ಮ ಟಾಕೀಸಿನ ಇತಿಹಾಸ ಬಲ್ಲ ನನಗೆ ಆ ಭಯ ಅಷ್ಟಾಗಿ ಇಲ್ಲ.

ಮುಂದಿನ ಸಾಲಿನಿಂದ ಕತ್ತೆತ್ತಿ ತಮ್ಮ ಅವ್ಯವಸ್ಥೆಯನ್ನೇ ನಂಬಿ ಕುಳಿತಿರುವ,
ತಮ್ಮ ವಿಶ್ವಾಸಿ,
ಸದಾನಂದ

ತಾ.ಕ.: ಗೋಡೆಪತ್ರಿಕೆಯಲ್ಲಿ ನಾನೇನೋ ಬರೆದಿದ್ದೇನೆಂದು ಐತಣ್ಣನಿಗೆ ತಿಳಿದಿದೆ. ಅವನಿಗೆ ಓದಲು ಬಾರದು; ಸೋಮವಾರ ನಾನೇ ಓದಿ ಹೇಳಬೇಕಂತೆ. ತಾವು ಚಿಂತಿಸಬೇಡಿ. ಕೊನೆಯ ಭಾಗ ಬಂದಾಗ ಬೇರೆ ರೀಲು ಹಾಕುವುದನ್ನು ತಮ್ಮಿಂದ ಕಲಿತಿದ್ದೇನೆ.