ನಾರಾಯಣಸ್ವಾಮಿ ಮೇಷ್ಟ್ರ ಬಗ್ಗೆ ಪ್ರಬಂಧ ಬರೆಯಿರಿ

ಪ್ರಬಂಧ ತಿದ್ದುವವನು ಮಕ್ಕಳ ಹಾಳೆಯಲ್ಲಿ ಹುಡುಕುವುದು ತಾನೇ ಕಲಿಸಿದ್ದನ್ನು. ಸಿಕ್ಕಿದರೆ ಬರವಣಿಗೆ ಉತ್ತಮ ಎನ್ನುತ್ತಾನೆ, ಸಿಗದಿದ್ದರೆ ಈಗಿನ ಮಕ್ಕಳಿಗೆ ಏನೂ ಬರುವುದಿಲ್ಲ ಎನ್ನುತ್ತಾನೆ. ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ ನಾನು ಬಹಳ ವರ್ಷ ಹೀಗೇ ನೆಮ್ಮದಿಯಾಗಿದ್ದೆ. ಪೀಠಿಕೆ, ವಿವರಣೆ, ಉಪಸಂಹಾರ ಇದ್ದರೆ ಹತ್ತಕ್ಕೆ ಎಂಟು. ಅಕ್ಷರ ದುಂಡಗಿದ್ದರೆ ಒಂಬತ್ತು. ಈ ಲೆಕ್ಕದಲ್ಲಿ ನನ್ನ ಹೆಂಡತಿಯ ಸಾಮಾನಿನ ಚೀಟಿಗೂ ಒಮ್ಮೆ ಮನಸ್ಸಿನಲ್ಲೇ ಅಂಕ ಹಾಕಿದ್ದೇನೆ. ಪೀಠಿಕೆಯಿಲ್ಲದೆ ನೇರವಾಗಿ ಹುಣಸೆಹಣ್ಣಿಗೆ ಹೋಗಿದ್ದಳು.

ನಮ್ಮ ಗಣಿತದ ನಾರಾಯಣಸ್ವಾಮಿ ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಸಾದಲಿಯ ಬಸ್ಸಿನಲ್ಲಿ ಮನೆಗೆ ಹೋಗುತ್ತ ಕುಳಿತಲ್ಲೇ ತೀರಿಕೊಂಡರು. ಹೃದಯಾಘಾತ ಎಂದರು. ಸಂತಾಪ ಸಭೆಗೆ ಮುಂಚೆ ಹೆಡ್‌ಮಿಸ್ ನನ್ನನ್ನು ಕರೆದು, "ಒಂಬತ್ತನೇ ಕ್ಲಾಸಿನ ಮಕ್ಕಳ ಕೈಲಿ ಅವರ ಮೇಲೊಂದು ಪ್ರಬಂಧ ಬರೆಸಿ. ಚೆನ್ನಾಗಿರೋದನ್ನ ಸಭೇಲಿ ಓದಿಸೋಣ, ಮನೆಯವ್ರೂ ಬರ್ತಾರೆ" ಎಂದರು.

ಮಕ್ಕಳು ಬರೆದರು. ಒಬ್ಬ 'ನಾರಾಯಣಸ್ವಾಮಿ ಮೇಷ್ಟ್ರು ನಮ್ಮ ದೇಶದ ಬೆನ್ನೆಲುಬು' ಎಂದು ಶುರು ಮಾಡಿದ್ದ. ಇನ್ನೊಬ್ಬಳು 'ಅವರಿಂದ ಅನುಕೂಲಗಳಿರುವಂತೆ ಅನನುಕೂಲಗಳೂ ಇವೆ' ಎಂದು ಎರಡನ್ನೂ ಬೇರೆಬೇರೆ ವಿವರಿಸಿದ್ದಳು. 'ಮೇಷ್ಟ್ರನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಕರ್ತವ್ಯ' ಎಂಬ ಉಪಸಂಹಾರ ಅರ್ಧ ತರಗತಿಯದು. ರೈತ, ಮೊಬೈಲು, ಪರಿಸರ ಎಲ್ಲವೂ ನಾನೇ ಬರೆಸಿದ್ದು. ಅವರು ವಿಷಯ ಮಾತ್ರ ಬದಲಾಯಿಸಿದ್ದರು. ನಗು ಬಂತು, ಆಮೇಲೆ ಸತ್ತವರ ಮುಖ ನೆನಪಾಯಿತು.

ಅಶ್ವಿನಿ ಎಂಬ ಹುಡುಗಿಯದು ಅರ್ಧ ಪುಟ. 'ಸಾರ್ ನಮ್ಮ ಬಸ್ಸಲ್ಲೇ ಬರುತ್ತಿದ್ದರು. ಸೀಟು ಸಿಕ್ಕಿದರೆ ನಿಂತಿರುವವರ ಬ್ಯಾಗು ಇಸ್ಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅವತ್ತು ನನ್ನ ಬ್ಯಾಗು ಇಟ್ಟುಕೊಂಡಿದ್ದರು. ನಿದ್ದೆ ಬಂದಿದೆ ಅಂದುಕೊಂಡೆ. ಊರು ಬಂತು ಸಾರ್ ಅಂದೆ. ಏಳಲಿಲ್ಲ. ಕೈ ಬ್ಯಾಗಿನ ಮೇಲೇ ಇತ್ತು. ತಗೊಳ್ಳೋದಾ ಬೇಡವಾ ಗೊತ್ತಾಗಲಿಲ್ಲ.' ಅಷ್ಟೇ. ಓದಿ ಮುಗಿಸಿದಾಗ ನನ್ನ ಕೆಂಪು ಪೆನ್ನು 'ಬ್ಯಾಗು' ಹೊಡೆದು ಮೇಲೆ 'ಚೀಲ' ಎಂದು ಬರೆದಾಗಿತ್ತು. ಕೈಗೆ ಅಭ್ಯಾಸ.

ಹೆಡ್‌ಮಿಸ್ ಅದನ್ನು ಓದಿ ಹಾಳೆಯನ್ನು ಮಡಿಸಿ ನನಗೇ ವಾಪಸು ಕೊಟ್ಟರು. "ಇದನ್ನ ಅವರ ಹೆಂಡತಿ ಮುಂದೆ ಹೆಂಗೆ ಓದ್ಸೋದು ಸಾರ್?" ಎಂದರು. "ಆಗಲ್ಲ ಮೇಡಂ" ಎಂದೆ. ಹಾಗಾಗಿ ದುಂಡು ಅಕ್ಷರದ ಬೆನ್ನೆಲುಬೇ ಗೆದ್ದಿತು.

ಸಭೆಯಲ್ಲಿ ಮೇಷ್ಟ್ರ ಹೆಂಡತಿ ರತ್ನಮ್ಮ ಮುಂದಿನ ಸಾಲಿನಲ್ಲಿ ಕುಳಿತು ಬೆನ್ನೆಲುಬನ್ನು ಕೇಳಿದರು. ನಂತರ ನಾನೂ ಮಾತಾಡಿದೆ. ಮುಗಿದ ಮೇಲೆ ಅವರು ನನ್ನನ್ನು ಕರೆದು, "ಬಸ್ಸಲ್ಲಿ ಅವರ ಹತ್ರ ನಿಮ್ಮ ಸ್ಕೂಲಿನ ಮಗು ಒಂದಿತ್ತಂತಲ್ಲ ಸಾರ್, ಯಾರದು?" ಎಂದು ಕೇಳಿದರು. ಅಶ್ವಿನಿಯನ್ನು ಕರೆಸಿದೆ. ಆಕೆ ಹೆದರಿ ನಿಂತಿದ್ದಳು. ರತ್ನಮ್ಮ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

"ಬ್ಯಾಗು ಭಾರ ಇತ್ತಾಮ್ಮ?"

"ಇಲ್ಲ ಆಂಟಿ. ಶನಿವಾರ ಕಡಿಮೆ ಬುಕ್ಸು."

"ಏನಾದ್ರೂ ಅಂದ್ರಾ?"

"ಕೊಡು ಇಲ್ಲಿ, ನೀನು ಕಂಬಿ ಹಿಡ್ಕೋ ಅಂದ್ರು ಆಂಟಿ. ಆಮೇಲೆ ಏನೂ ಅನ್ಲಿಲ್ಲ."

ರತ್ನಮ್ಮ ಅವಳ ಕೈ ಹಿಡಿದುಕೊಂಡು, ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಅತ್ತರು, ಆದರೆ ಸದ್ದಿಲ್ಲದೆ. ಸಭೆಯುದ್ದಕ್ಕೂ ಅವರು ಅತ್ತಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಪಕ್ಕದಲ್ಲಿ ನಿಂತಿದ್ದ ನಾನು ಅಲ್ಲಿಂದ ಹೋಗುವುದೋ ಇರುವುದೋ ತಿಳಿಯದೆ ಶಾಮಿಯಾನದ ಹಗ್ಗ ನೋಡುತ್ತಿದ್ದೆ.

ಗೇಟಿನವರೆಗೆ ಅವರನ್ನು ಬಿಡಲು ಹೋದೆ. ಆಟೋ ಹತ್ತುವ ಮುಂಚೆ ರತ್ನಮ್ಮ ನನ್ನ ಮೇಲೂ ಕರುಣೆ ತೋರಿದರು.

"ನೀವೂ ಚೆನ್ನಾಗಿ ಮಾತಾಡಿದ್ರಿ ಸಾರ್. ನಮ್ಮ ಮಾವನೋರು ತೀರ್ಕೊಂಡಾಗ್ಲೂ ಯಾರೋ ಇದನ್ನೇ ಹೇಳಿದ್ರು."

ಆ ಯಾರೋ ನಾನೇ ಆಗಿದ್ದೆ.