ಹುಣಸೇಕೊಪ್ಪಲಿಗೆ ಹಾಲಿನ ಗಾಡಿ ತಪ್ಪಿಸಿದ ಮೇಟಿಯವರಿಗೆ

ಇವರಿಗೆ,
ಶ್ರೀ ಮೇಟಿಯವರು,
ನಾಲ್ಕು ಡೇರಿಗಳ ಕಂಪ್ಯೂಟರುಗಳ ಯಜಮಾನರು.
ವಾಸ: ಎಲ್ಲಾ ಕಡೆ. ಕೈಗೆ ಸಿಗುವುದು: ಎಲ್ಲೂ ಇಲ್ಲ.

ವಿಷಯ: ನಮ್ಮ ಡೇರಿ ಬದುಕಿದೆ ಎಂದು ದಯಮಾಡಿ ಒಪ್ಪಿಕೊಳ್ಳುವ ಬಗ್ಗೆ.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸಿ ಆರಂಭಿಸಬೇಕಿತ್ತು. ಆದರೆ ಆ ಪಾದಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದು ಕಂಪನಿಯ ಇಂಜಿನಿಯರ್ ದಿಲೀಪ್ ಅವರಿಗೂ ಗೊತ್ತಿಲ್ಲವಾದ್ದರಿಂದ ನಾಲ್ಕು ದಿಕ್ಕಿಗೂ ಒಂದೊಂದು ನಮಸ್ಕಾರ ಹಾಕಿ, ಕೃಷ್ಣರಾಜಪೇಟೆ ತಾಲ್ಲೂಕು ಹೊಸಹೊಳಲಿನ ಆಚೆಗಿರುವ ಹುಣಸೇಕೊಪ್ಪಲಿನ ಮಹಿಳಾ ಡೇರಿಯ ಸೆಕ್ರೆಟರಿ ಪ್ರಮೀಳಾ ಎಂಬ ನಾನು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಫೋನಿನಲ್ಲಿ ಗುಟ್ಟಾಗಿ ಕಳಿಸಿದ ಏಳು ಅರ್ಜಿಗಳಿಗೂ ತಾವು ‘ನಿಮ್ಮ ಪೆಟ್ಟಿಗೆ ಸಿದ್ಧವಿಲ್ಲ, ಸಿದ್ಧವಾದ ಮೇಲೆ ಅರ್ಜಿ ಹಾಕಿ’ ಎಂಬ ಒಂದೇ ಉತ್ತರವನ್ನು ಒಂದಕ್ಷರವೂ ಬದಲಾಗದಂತೆ ದಯಪಾಲಿಸಿದ್ದೀರಿ.

ತಾವು ಯಾರೆಂದು ತಿಳಿಯದ ಓದುಗರಿಗಾಗಿ ಎರಡು ಮಾತು. ನಮ್ಮ ಹಾಲು ಕೊಳ್ಳುವ ಕಂಪನಿಯವರು (ಹೆಸರು ಹೇಳುವುದಿಲ್ಲ, ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬುವ ಊರು ನಮ್ಮದು, ಕಂಪನಿಯ ಆಯಸ್ಸಾದರೂ ನೂರಾಗಲಿ) ಹೋದ ಯುಗಾದಿಯಲ್ಲಿ ಬಾಬುರಾಯನಕೊಪ್ಪಲು, ಪಾಂಡವಪುರ, ನಾಗಮಂಗಲದ ಕಡೆಯ ಮೂರು ಡೇರಿಗಳಿಗೂ ನಮಗೂ ಒಂದೊಂದು ಕಪ್ಪು ಪೆಟ್ಟಿಗೆ ತಂದಿಟ್ಟರು. ನಾಲ್ಕೂ ಸೇರಿ ಒಂದು ಕ್ಲಸ್ಟರು, ಅಂದರೆ ಗುಂಪು, ಒಂದೊಂದು ಪೆಟ್ಟಿಗೆಯೂ ಅದರೊಳಗಿನ ಒಂದು ‘ನೋಡ್’, ಅಂದರೆ ಗಂಟು ಎಂದು ದಿಲೀಪ್ ತಿಳಿಸಿಕೊಟ್ಟರು. ಹಾಲಿನ ತೂಕ, ಫ್ಯಾಟು, ಹಸುವಿನ ಡಾಕ್ಟರರ ಕರೆ, ಹಾಲಿನ ಗಾಡಿಯ ದಾರಿ ಹೀಗೆ ಒಂದೊಂದು ಕೆಲಸವನ್ನೂ ಒಂದೊಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿರುತ್ತಾರೆ. ಯಾವ ಡಬ್ಬಿ ಯಾವ ಪೆಟ್ಟಿಗೆಯಲ್ಲಿರಬೇಕು, ಯಾವ ಪೆಟ್ಟಿಗೆ ಎದ್ದಿದೆ, ಯಾವುದು ಬಿದ್ದಿದೆ ಎಂದು ತೀರ್ಮಾನಿಸುವವರು ತಾವು, ಆ ನಾಲ್ಕರೊಳಗೂ ಹರಡಿಕೊಂಡಿರುವ ಸಾಫ್ಟ್‌ವೇರು. ತಮ್ಮ ಇಂಗ್ಲಿಷ್ ಹೆಸರು ನಮ್ಮ ನಾಲಗೆಗೆ ಹೊರಳದೆ ನಾವು ‘ಮೇಟಿ’ ಎಂದೆವು. ಕಣದ ನಡುವೆ ನೆಟ್ಟ ಮೇಟಿಕಂಬ ಅಲ್ಲಾಡುವುದಿಲ್ಲ, ಸುತ್ತ ತಿರುಗುವುದೆಲ್ಲ ಕಟ್ಟಿಸಿಕೊಂಡ ಎತ್ತುಗಳ ಪಾಲು.

ತಮ್ಮ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಕೆಲವೇ ಸೆಕೆಂಡಿಗೊಮ್ಮೆ ಪ್ರತಿ ಪೆಟ್ಟಿಗೆಯನ್ನೂ ‘ಇದ್ದೀಯಾ’ ಎಂದು ವಿಚಾರಿಸುವಿರಿ. ನಮ್ಮ ಹೆತ್ತವರೂ ನಮ್ಮನ್ನು ಇಷ್ಟು ವಿಚಾರಿಸಿಕೊಂಡವರಲ್ಲ. ಐದು ನಿಮಿಷ ಉತ್ತರ ಬಾರದಿದ್ದರೆ ಅದು ಸತ್ತಿತೆಂದು ಬಗೆದು ಅದರ ಡಬ್ಬಿಗಳನ್ನೆಲ್ಲ ಉಳಿದವರಿಗೆ ಹಂಚುವಿರಿ. ನಮ್ಮಲ್ಲಿ ಹೆಣ ಎತ್ತುವುದಕ್ಕೂ ದೂರದ ನೆಂಟರು ಬರಲೆಂದು ಅರ್ಧ ದಿನ ಕಾಯುತ್ತಾರೆ. ಇಷ್ಟಾದರೂ ತಾವು ಸರ್ವಾಧಿಕಾರಿಗಳಲ್ಲ. ಯಾವ ತೀರ್ಮಾನಕ್ಕೂ ನಾಲ್ಕರಲ್ಲಿ ಮೂರು ಪೆಟ್ಟಿಗೆಗಳ ಒಪ್ಪಿಗೆ ಬೇಕು, ಮೂರು ಸೇರದಿದ್ದರೆ ತಾವು ತುಟಿ ಬಿಚ್ಚುವುದಿಲ್ಲ ಎಂದು ಕೇಳಿ ನನಗೆ ಕಣ್ಣು ತುಂಬಿಬಂತು. ನಮ್ಮ ಪಂಚಾಯಿತಿಯಲ್ಲಿ ಒಬ್ಬರು ಸೇರಿದರೂ ಸಭೆ ಮುಗಿಯುತ್ತದೆ.

ಈಗ ನಮ್ಮ ಅಪರಾಧಕ್ಕೆ ಬರುತ್ತೇನೆ. ಡೇರಿಯಲ್ಲಿರುವುದು ಒಂದೇ ಪ್ಲಗ್ ಪಾಯಿಂಟು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಅರವತ್ತೊಂದು ಮನೆಯ ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಟೆಸ್ಟರ್ ಕರಿಯಯ್ಯ ಫ್ಯಾಟ್ ಮಿಷನ್ನು ಹಾಕಲೇಬೇಕು, ಅದನ್ನು ಹಾಕಬೇಕಾದರೆ ತಮ್ಮ ಪೆಟ್ಟಿಗೆಯ ಪ್ಲಗ್ಗು ಕೀಳಲೇಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಹಾಕಿ ಎರಡನ್ನೂ ಒಟ್ಟಿಗೆ ಹಚ್ಚಿ ನೋಡಿದೆವು, ಫ್ಯೂಸು ಹಾರಿತು. ಆದ್ದರಿಂದ ಹಾಲೆಲ್ಲ ಅಳೆದು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಪೆಟ್ಟಿಗೆ ಹಚ್ಚಿ ನಾನು ಲೆಕ್ಕ ಏರಿಸಿ, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ. ಇದನ್ನು ತಾವು ಎಷ್ಟು ಸೂಕ್ಷ್ಮವಾಗಿ ಗಮನಿಸಿದಿರೆಂದರೆ, ನಾವು ಬೆವರು ಸುರಿಸಿ ದುಡಿಯುವ ನಾಲ್ಕು ಗಂಟೆ ನಮ್ಮ ಹೆಸರಿನ ಮುಂದೆ ‘ಸಿದ್ಧವಿಲ್ಲ’ ಎಂದೂ, ಬೀಗ ಹಾಕಿದ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟುವ ಇಪ್ಪತ್ತು ಗಂಟೆ ‘ಸಿದ್ಧ’ ಎಂದೂ ಬರೆದುಕೊಂಡಿರಿ. ಇಷ್ಟು ತಲೆಕೆಳಗಾದ ಹಾಜರಿ ಪುಸ್ತಕವನ್ನು ಮನುಷ್ಯರಿಂದ ಬರೆಯಲು ಸಾಧ್ಯವಿಲ್ಲ.

ಎರಡನೇ ಪ್ಲಗ್ ಪಾಯಿಂಟು ಬೇಕೆಂಬುದೇ ಮೇಲೆ ಹೇಳಿದ ಏಳೂ ಅರ್ಜಿಗಳ ಸಾರ. ಅರ್ಜಿ ತೆಗೆದುಕೊಳ್ಳುವ ವೇಳೆಯನ್ನು ತಾವು ಬೆಳಿಗ್ಗೆ ಆರರಿಂದ ಎಂಟು ಎಂದು ಗೊತ್ತುಮಾಡಿದ್ದೀರಿ. ಆ ಹೊತ್ತಿನಲ್ಲಿ ನಾವು ಸತ್ತಿರುತ್ತೇವೆ.

ಗಣೇಶನ ಹಬ್ಬ ಕಳೆದ ಮೇಲೆ ತಾವು ನಮ್ಮ ಪೆಟ್ಟಿಗೆಗೆ ಒಂದು ಗುರುತು ಅಂಟಿಸಿದಿರಿ. ಇಂಗ್ಲಿಷಿನಲ್ಲಿ ಅದಕ್ಕೆ ಕಲೆ, ಕಳಂಕ ಎಂಬರ್ಥವಂತೆ. ನಮ್ಮ ಕಡೆ ಮೈಲಿಗೆ ಎನ್ನುತ್ತೇವೆ. ಮೈಲಿಗೆ ಅಂಟಿದ ಪೆಟ್ಟಿಗೆಗೆ ಯಾರೂ ಕೆಲಸ ಕೊಡಬಾರದು, ಇರುವ ಡಬ್ಬಿಗಳನ್ನೂ ಖಾಲಿ ಮಾಡಿಸಬೇಕು. ಈ ತೀರ್ಮಾನವನ್ನು ನಮ್ಮ ಪ್ಲಗ್ಗು ಕಿತ್ತಿದ್ದ ಹೊತ್ತಿನಲ್ಲಿ ಉಳಿದ ಮೂರು ಪೆಟ್ಟಿಗೆಗಳು ಸೇರಿ ಒಪ್ಪಿದವಂತೆ. ಹುಡುಗಿಯನ್ನು ಒಳಮನೆಯಲ್ಲಿ ಕೂಡಿಸಿ ನಡುಮನೆಯಲ್ಲಿ ಮದುವೆ ಗೊತ್ತುಮಾಡುವ ಪದ್ಧತಿ ತಮ್ಮಲ್ಲೂ ಇದೆಯೆಂದು ತಿಳಿದು ಮನೆಯವರೇ ಎನಿಸಿತು. ನಮ್ಮ ಕೆಲಸವೆಲ್ಲ ನಾಗಮಂಗಲದ ಕಡೆಯ ಪೆಟ್ಟಿಗೆಗೆ ಹೋಯಿತು. ಅಲ್ಲಿನ ಸೆಕ್ರೆಟರಿ ಸ್ನೇಹ ಫೋನು ಮಾಡಿ, “ಅಕ್ಕಾ, ನಿಮ್ಮೂರ ಅಸಗಳೆಲ್ಲ ನಮ್ಮ ಪಟ್ಟೀಲಿ ಅವೆ ಕಣಕ್ಕ, ಆಲು ಒಂದು ಬುಟ್ಟು” ಎಂದಳು.

ಅದನ್ನೂ ನಕ್ಕು ಸಹಿಸಿಕೊಳ್ಳುತ್ತಿದ್ದೆವು. ಆದರೆ ಹಾಲಿನ ಗಾಡಿಯ ದಾರಿಯನ್ನು ತಾವು ಮೈಲಿಗೆಯಿಲ್ಲದ ಪೆಟ್ಟಿಗೆಗಳ ಮೇಲೆ ಮಾತ್ರ ಎಳೆಯುವವರಾದ್ದರಿಂದ ಮಾರನೆಯ ದಿನದಿಂದ ಗಾಡಿ ನಮ್ಮೂರಿಗೆ ಬರುವುದನ್ನೇ ನಿಲ್ಲಿಸಿತು. ತಿಂಗಳ ಕೊನೆಯವರೆಗೆ ಮೈಲಿಗೆ ಕಳೆಯದಿದ್ದರೆ ನಮ್ಮ ಹೆಸರನ್ನೇ ಪಟ್ಟಿಯಿಂದ ಅಳಿಸಲಾಗುತ್ತದೆ, ಆಮೇಲೆ ಹುಣಸೇಕೊಪ್ಪಲಿನಲ್ಲಿ ಡೇರಿಯೆಂಬುದೇ ಇರುವುದಿಲ್ಲ ಎಂದೂ ತಿಳಿಸಿದಿರಿ.

ಹತ್ತೊಂಬತ್ತು ದಿನ ನಮ್ಮ ಹೆಂಗಸರು ಎರಡೂವರೆ ಕಿಲೋಮೀಟರು ದೂರದಲ್ಲಿ ಗಾಡಿ ಹಾಯುವ ದೊಡ್ಡ ರಸ್ತೆಗೆ ಹಾಲು ಹೊತ್ತರು. ಕರಿಯಯ್ಯ ಮೊಪೆಡ್ಡಿನಲ್ಲಿ ನಾಲ್ಕು ನಾಲ್ಕು ಸಲ ಓಡಾಡಿದ, ಆದರೂ ಅರ್ಧ ಹಾಲು ದಾರಿಯಲ್ಲೇ ಒಡೆಯಿತು. ಹೊರಲಾಗದೆ ಕೆಚ್ಚಲಲ್ಲೇ ಬಿಟ್ಟ ಹಾಲು ಕುಡಿದ ನಮ್ಮೂರ ಕರುಗಳು ಮಾತ್ರ ತಮ್ಮನ್ನು ದಿನವೂ ಹರಸಿದವು. ಎಪ್ಪತ್ತು ದಾಟಿದ ಕುಳ್ಳಮ್ಮನಿಗೆ ಇರುವುದು ಒಂದೇ ಹಸು. ಕ್ಯಾನು ಕಂಕುಳಲ್ಲಿಟ್ಟು ನಡೆಯುವಾಗ ಆಕೆ ಮೋರಿಯ ಹತ್ತಿರ ಜಾರಿ ಬಿದ್ದಳು. ಮಂಡಿಯ ರಕ್ತ ಒರೆಸಲು ಹೋದ ನನಗೆ, “ಕಾಲು ಆಮ್ಯಾಕೆ ನೋಡವ್ವ, ಆಲು ಎಷ್ಟು ಉಳಿದದೆ ನೋಡು” ಎಂದಳು. ಹಾಲು ಉಳಿದಿರಲಿಲ್ಲ. “ನಂಗಿನ್ನು ಆಗಕಿಲ್ಲ ಪ್ರಮೀಳ, ಅಸಾನ ಮಾರ್ಬುಡ್ತೀನಿ ಬುಡು” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೇಟಿಯವರೇ, ಆ ಹೊತ್ತು ನನಗೆ ಹೊಟ್ಟೆ ಉರಿಯಿತು. ಈ ಒಂದು ವಾಕ್ಯದಲ್ಲಿ ವಿನಯ ತಪ್ಪಿದೆ, ಮುಂದಿನದರಿಂದ ಮತ್ತೆ ಸರಿಪಡಿಸಿಕೊಳ್ಳುತ್ತೇನೆ.

ದಿಲೀಪ್ ಅವರು ಪಾಪ, ಮೂರು ಸಲ ತಮ್ಮ ಕೈಯಾರೆ ಆ ಗುರುತು ಅಳಿಸಿದರು. ಮೂರು ಸಲವೂ ತಾವು ಕಣ್ಣು ಮಿಟುಕಿಸುವುದರಲ್ಲಿ ಮತ್ತೆ ಅಂಟಿಸಿದಿರಿ. “ಸೆಟ್ಟಿಂಗ್ಸ್ ಫೈಲಲ್ಲಿ ಬೇಕಾದ ಸ್ಥಿತಿ ಅಂತ ಬರ್ದೈತೆ ಮೇಡಂ, ನಾವೇನೇ ಮಾಡಿದ್ರೂ ಅದು ಆ ಸ್ಥಿತಿಗೇ ತಂದ್ಬುಡ್ತದೆ” ಎಂದು ಅವರು ತಲೆ ಕೆರೆದುಕೊಂಡರು. ಆ ಫೈಲು ಬರೆದವರು ಕೆಲಸ ಬಿಟ್ಟು ಹೋಗಿದ್ದಾರಂತೆ, ಪಾಸ್‌ವರ್ಡು ಅವರ ಜೊತೆಗೇ ಹೋಗಿದೆಯಂತೆ. ಬೇಕಾದ ಸ್ಥಿತಿ ಎಂಬುದು ಬಹಳ ಚಂದದ ಮಾತು. ಯಾರಿಗೆ ಬೇಕಾದದ್ದು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು. ರಾಹುಕಾಲ ಕಳೆದು ಒಳ್ಳೆಯ ಹೊತ್ತು ಯಾವುದೆಂದು ಎಲ್ಲರ ಮನೆಯ ಕ್ಯಾಲೆಂಡರೂ ಒಂದೇ ಹೇಳಿತ್ತು. ಯಾರನ್ನು ಯಾರೂ ಕೇಳಲಿಲ್ಲ; ನಾಲ್ಕೂ ಡೇರಿಗಳಲ್ಲಿ ಒಂದೇ ಹೊತ್ತಿಗೆ ತಮ್ಮ ಪ್ಲಗ್ಗು ಕಿತ್ತು, ಧೂಳು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದೆವು. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟಬಾರದು. ಹಾಲಿಗೆ ರಜೆಯಿಲ್ಲವಾದ್ದರಿಂದ ಫ್ಯಾಟ್ ಮಿಷನ್ನಿಗೆ ಬರೀ ಕುಂಕುಮ, ತಮಗೆ ಮಾರನೆಯ ಬೆಳಗಿನವರೆಗೂ ಪೂರ್ತಿ ವಿಶ್ರಾಂತಿ. ಮೂರು ಪೆಟ್ಟಿಗೆ ಸೇರದೆ ತಾವು ತುಟಿ ಬಿಚ್ಚುವವರಲ್ಲ, ಅಂದು ಒಂದೂ ಇರಲಿಲ್ಲ.

ಆ ಸಂಜೆ ಆರೂವರೆಗೆ ನಮ್ಮೂರಿನ ತಿರುವಿನಲ್ಲಿ ಹಾರನ್ನು ಕೇಳಿಸಿತು. ಬಾಳೆಕಂದು ಕಟ್ಟಿಕೊಂಡ ಹಾಲಿನ ಗಾಡಿ ಡೇರಿಯ ಮುಂದೆಯೇ ಬಂದು ನಿಂತಿತು. ಹನ್ನೊಂದು ವರ್ಷ ಇದೇ ದಾರಿಯಲ್ಲಿ ಗಾಡಿ ಓಡಿಸಿದ ಡ್ರೈವರ್ ಸಿದ್ದರಾಜು ಇಳಿದು ಬಂದು, “ಫೋನಲ್ಲಿ ಇವತ್ತು ದಾರೀನೇ ಬರ್ನಿಲ್ಲ ಕಣಕ್ಕ, ಅದ್ಕೆ ಗೊತ್ತಿರೋ ದಾರೀಲಿ ಬಂದ್ಬುಟ್ಟೆ” ಎಂದ. ಕುಳ್ಳಮ್ಮನ ಹಾಲನ್ನೇ ಮೊದಲು ಸುರಿಸಿದೆವು. ಒಂದು ಹನಿಯೂ ಒಡೆಯಲಿಲ್ಲ. ಆಕೆ ಗಾಡಿಯ ಚಕ್ರಕ್ಕೂ ಒಂದು ಹೂವಿಟ್ಟು ಕೈಮುಗಿದಳು.

ವಿಜಯದಶಮಿಯ ಬೆಳಿಗ್ಗೆ ತಾವು ಎದ್ದಿರಿ. ಎದ್ದವರೇ ಸಿದ್ದರಾಜುವಿಗೆ ‘ದಾರಿ ತಪ್ಪಿದ್ದಕ್ಕೆ ವಿವರಣೆ ಕೊಡಿ’ ಎಂದು ನೋಟೀಸು ಕಳಿಸಿ, ಅರವತ್ತೊಂದು ಮನೆಯ ಹಾಲನ್ನು ‘ಮೂಲ ತಿಳಿಯದ ಹಾಲು’ ಎಂದು ಬರೆದು, ಗಾಡಿಯನ್ನು ಮತ್ತೆ ತಪ್ಪಿಸಿದಿರಿ. ಹಾಲಿನ ಮೂಲ ಹಸು ಎಂದು ಸವಿನಯವಾಗಿ ತಿಳಿಸಲು ಇಚ್ಛಿಸುತ್ತೇನೆ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಸಾವಿನ ಸೂತಕವೇ ಹನ್ನೊಂದು ದಿನಕ್ಕೆ ಕಳೆಯುವಾಗ ಬರೀ ಪ್ಲಗ್ಗು ಕಿತ್ತ ಮೈಲಿಗೆಗೂ ಒಂದು ತಿಥಿ ಗೊತ್ತುಮಾಡಬೇಕು. ಅದಾಗದಿದ್ದರೆ ಹಸುಗಳು ನಾವು ‘ಸಿದ್ಧ’ವಿರುವ ನಡುಮಧ್ಯಾಹ್ನದಲ್ಲಿ ಹಾಲು ಕೊಡುವಂತೆ ಅವುಗಳ ಸೆಟ್ಟಿಂಗ್ಸನ್ನಾದರೂ ತಾವೇ ಬದಲಾಯಿಸಿಕೊಡಬೇಕು. ಅದೂ ಕಷ್ಟವೆನಿಸಿದರೆ ತಾವೇ ಒಂದು ಸಂಜೆ ಬಿಡುವು ಮಾಡಿಕೊಂಡು ಬಂದು, ಕುಳ್ಳಮ್ಮನ ಕ್ಯಾನನ್ನು ದೊಡ್ಡ ರಸ್ತೆಯವರೆಗೆ ಹೊತ್ತು ಕೊಡಬೇಕು. ಮೋರಿಯ ಹತ್ತಿರ ಜೋಪಾನ.

ಇಂತಿ, ದಿನಕ್ಕೆ ನಾಲ್ಕು ಗಂಟೆ ಸತ್ತು ಉಳಿದ ಹೊತ್ತು ಬದುಕಿರುವ,
ತಮ್ಮ ವಿಶ್ವಾಸಿ,
ಪ್ರಮೀಳಾ
ಸೆಕ್ರೆಟರಿ, ಮಹಿಳಾ ಡೇರಿ, ಹುಣಸೇಕೊಪ್ಪಲು

ಮರೆತ ಮಾತು: ಆಯುಧಪೂಜೆಯ ಫಲ ಕಣ್ಣಾರೆ ಕಂಡ ಮೇಲೆ ನಮ್ಮ ಭಕ್ತಿ ಹೆಚ್ಚಿದೆ. ಎರಡನೇ ಪ್ಲಗ್ ಪಾಯಿಂಟು ಬರುವವರೆಗೆ, ಬರುವ ಶುಕ್ರವಾರದಿಂದ ದಿನವೂ ಹಾಲಿನ ಹೊತ್ತಿಗೆ ಸರಿಯಾಗಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನಾಲ್ಕೂ ಕಡೆ ತಮ್ಮ ಪ್ಲಗ್ಗು ಕಿತ್ತು ಪೂಜೆ ಮಾಡುವುದೆಂದು ಡೇರಿಗಳವರು ಮಾತಾಡಿಕೊಂಡಿದ್ದೇವೆ. ತಮ್ಮ ನಿಯಮದಂತೆಯೇ ನಾಲ್ಕರಲ್ಲಿ ಮೂರು ಡೇರಿಗಳು ಒಪ್ಪಿವೆ. ನಾಲ್ಕನೆಯವಳು ನಾನು, ನನ್ನ ಒಪ್ಪಿಗೆ ಹೇಗೂ ತಮ್ಮ ಲೆಕ್ಕಕ್ಕಿಲ್ಲ. ಪೂಜೆಯ ಹೂವನ್ನು ಸಿದ್ದರಾಜು ಹಾಲಿನ ಗಾಡಿಯಲ್ಲೇ ನಮ್ಮೂರಿಗೆ ತರುತ್ತಾನಂತೆ.