ಫಾಲಾಕ್ಷಯ್ಯನವರ ಚತುರ್ಡಿಸ್ಕ ದಿಗ್ವಿಜಯ

ಮನುಷ್ಯನ ನೆನಪೆಲ್ಲ ಅಂಗೈಯಗಲದ ತಗಡಿನ ಪೆಟ್ಟಿಗೆಯಲ್ಲಿ ಅಡಗಿ ಕುಳಿತ ಈ ಕಲಿಯುಗದಲ್ಲಿ, ತುಮಕೂರೆಂಬ ಮಹಾಪಟ್ಟಣದಲ್ಲಿ, ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಿಂದ ನಿವೃತ್ತರಾದ ವಿದ್ಯುತ್ತಂತು-ವಿಚ್ಛೇದನ-ಸಂಧಾನ-ಧುರಂಧರರೂ, ಭಾನುವಾರಗಳಂದು ಮಠದ ವಧೂವರಾನ್ವೇಷಣ ಕೇಂದ್ರದಲ್ಲಿ ಗೋತ್ರಪರಿಶೀಲನಾಚಾರ್ಯರೂ ಆದ ಶ್ರೀಮಾನ್ ಫಾಲಾಕ್ಷಯ್ಯನವರು ಹಾರ್ಡ್‌ಡಿಸ್ಕ್ ಕೊಂಡ ಕಥೆಯನ್ನು ಕೇಳಿರಿ, ಮಹಾಜನಗಳೇ. ವಾಗ್ದೇವಿಯೇ, ನಾಲಗೆಗೆ ಬಲ ಕೊಡು. ನಡುವೆ ಕರೆಂಟ್ ಹೋಗದಂತೆಯೂ ನೋಡಿಕೊ ತಾಯಿ.

ಅವರ ಧರ್ಮಪತ್ನಿ ಸರ್ವಮಂಗಳಮ್ಮ ಹನ್ನೊಂದು ವರ್ಷ ಹಳ್ಳಿಹಳ್ಳಿ ಸುತ್ತಿ, ಹಲ್ಲಿಲ್ಲದ ಅಜ್ಜಿಯರ ಮುಂದೆ ಕುಳಿತು ಸೋಬಾನೆ ಪದ ಧ್ವನಿಮುದ್ರಿಸಿದವರು. ಆ ಹಾಡುಗಳಿದ್ದ ಒಂದು ಡಿಸ್ಕನ್ನು ನಮ್ಮ ವೀರರು ಎರಡು ವರ್ಷದ ಹಿಂದೆ ಖಾಲಿಯೆಂದು ತಿಳಿದು ಅಳಿಸಿಹಾಕಿದ್ದರು. ಆಕೆ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈಗ ಉಳಿದ ಹಾಡುಗಳಿದ್ದ ಒಂದೇ ಒಂದು ಹಳೆಯ ಡಿಸ್ಕು ಟಿಕ್ ಟಿಕ್ ಎಂದು ನರಳತೊಡಗಿತ್ತು.

"ಇದೊಂದಾದ್ರೂ ಉಳಿಸ್ಕೊಡ್ರೀ," ಎಂದರು ಆಕೆ.

ಆಗ ಫಾಲಾಕ್ಷಯ್ಯನವರು ಲುಂಗಿಯನ್ನು ಮೇಲೆತ್ತಿ ಕಟ್ಟಿ ಗರ್ಜಿಸಿದರು: "ಎಲೌ ಗೇಯಸಂಪತ್ಸಂರಕ್ಷಿಕೇ! ನಾಲ್ವರು ಡಿಸ್ಕವೀರರನ್ನು ಒಂದೇ ಪೆಟ್ಟಿಗೆಯೊಳಗೆ ಹೆಗಲಿಗೆ ಹೆಗಲು ನಿಲ್ಲಿಸುವೆನು. ರೇಡ್ ಎಂಬ ಈ ವ್ಯೂಹದಲ್ಲಿ ಒಬ್ಬನು ಮಡಿದರೆ ಉಳಿದ ಮೂವರು ಅವನು ಹೊತ್ತದ್ದನ್ನೆಲ್ಲ ಮರಳಿ ಒಪ್ಪಿಸುವರು!"

"ಸರಿ, ಬೇಗ ಮಾಡಿ."

ಅಷ್ಟರೊಳಗೆ ಒಂದು ಪ್ರತಿ ತೆಗೆದಿಡಬಹುದಿತ್ತಲ್ಲ ಎಂದು ಕೇಳುವ ಅರಸಿಕರು ಈಗಲೇ ಎದ್ದು ಹೋಗಬಹುದು. ವೀರರು ಹಾಗೆಲ್ಲ ಮಾಡುವುದಿಲ್ಲ.

ಒಂದೇ ಕಂಪನಿಯಲ್ಲಿ ಒಂದೇ ದಿನ ಹುಟ್ಟಿದ ಡಿಸ್ಕುಗಳು ಒಟ್ಟೊಟ್ಟಿಗೇ ಸಾಯುವ ಅಪಾಯವುಂಟೆಂದು ಅವರು ಎಲ್ಲೋ ಓದಿದ್ದರು. ವಧೂವರ ಕೇಂದ್ರದ ಆಚಾರ್ಯರಿಗೆ ಇಷ್ಟು ಸಾಲದೇ? ಸಗೋತ್ರ ಸಂಬಂಧ ಸಲ್ಲದು! ಎಂಟು ದಿನ ಊರಿನ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಜಾಲಾಡಿ, ಕಂಪನಿ ಬೇರೆ, ಹುಟ್ಟಿದ ತಿಂಗಳು ಬೇರೆ, ಕಾರ್ಖಾನೆಯ ದೇಶವೂ ಬೇರೆ ಎಂದು ಖಾತ್ರಿಪಡಿಸಿಕೊಂಡು ಮೂವರನ್ನು ವರಿಸಿದರು. ಮನೆಯಲ್ಲಿ ಟಿಕ್ ಟಿಕ್ ಸದ್ದು ಜೋರಾಗುತ್ತಲೇ ಇತ್ತು. ರಾತ್ರಿ ಊಟಕ್ಕೆ ಕುಳಿತಾಗ ಅದು ಕೇಳಿಸಿ ಅವರು ಅರ್ಧ ಊಟಕ್ಕೇ ಏಳುತ್ತಿದ್ದರು.

ನಾಲ್ಕನೆಯ ಗೋತ್ರ ದೊರೆತದ್ದು ಇಮ್ತಿಯಾಜನ ಅಂಗಡಿಯ ಮೇಲಟ್ಟದಲ್ಲಿ. ಫಾಲಾಕ್ಷಯ್ಯನವರು ಭೂತಗನ್ನಡಿ ಹಿಡಿದು ಅದರ ಜನ್ಮದಿನಾಂಕವನ್ನು ಓದಿದರು.

"ಮೇಷ್ಟ್ರೇ, ಅದು ಬಂದು..." ಎಂದ ಇಮ್ತಿಯಾಜ್.

"ನಿಲ್ಲು, ವಣಿಗ್ವರೇಣ್ಯ! ಮುನ್ನೂರು ಜೋಡಿಗಳ ಗೋತ್ರ ನೋಡಿದ ಕಣ್ಣಿದು!"

"ಅಲ್ಲ ಮೇಷ್ಟ್ರೇ, ಒಂದ್ ಮಾತು..."

"ಬಿಲ್ ಹಾಕಪ್ಪ."

ಮರುದಿನ ಬೆಳಗ್ಗೆ ಸರ್ವಮಂಗಳಮ್ಮ ಒಲೆಯ ಮೇಲೆ ಉಪ್ಪಿಟ್ಟು ಕೆದಕುತ್ತಿದ್ದಾಗ ವ್ಯೂಹರಚನೆಯಾಯಿತು. ಚತುರ್ಗೋತ್ರೋದ್ಭವ ಡಿಸ್ಕರು ಪೆಟ್ಟಿಗೆಯೊಳಗೆ ಪ್ರವೇಶಿಸಿದರು. ಹಸಿರು ದೀಪಗಳು ಬೆಳಗಿದವು. ಹಳೆಯ ಡಿಸ್ಕಿನಿಂದ ಹಾಡುಗಳು ಒಂದೊಂದಾಗಿ ದಾಟತೊಡಗಿದವು. ಶೇಕಡಾ ತೊಂಬತ್ತೊಂದರ ಬಳಿ ಎಲ್ಲವೂ ನಿಂತುಹೋಯಿತು. ಅಯ್ಯೋ ಶಿವನೇ! ಇನ್ನೊಮ್ಮೆ ಆಕೆಯ ಮುಂದೆ ಹೇಗೆ ನಿಲ್ಲಲಿ ಎಂದು ಫಾಲಾಕ್ಷಯ್ಯನವರು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತರು. ಹಳೆಯ ಡಿಸ್ಕು ಒಮ್ಮೆ ಕೆಮ್ಮಿ ಮತ್ತೆ ಹೊರಟಿತು. ಕೊನೆಯ ಹಾಡೂ ದಡ ಸೇರಿದ ಮೇಲೆ ಅದು ತೆಪ್ಪಗಾಗಿ, ಮತ್ತೆ ಏಳಲೇ ಇಲ್ಲ.

"ಜಯ! ಒಬ್ಬನ ಪಾಲು ಕಾವಲಿಗೆ ಕಳೆದರೂ ಹನ್ನೆರಡು ಟಿಬಿ ವಿಸ್ತಾರದ ಅಕ್ಷಯಕೋಶ!" ಎಂದು ಘೋಷಿಸಿ ಪರದೆ ನೋಡಿದರೆ ಅಲ್ಲಿದ್ದದ್ದು ಆರು.

ಇಮ್ತಿಯಾಜನಿಗೆ ಫೋನ್ ಹೋಯಿತು. "ಅದನ್ನೇ ಹೇಳಕ್ ಬಂದೆ ಮೇಷ್ಟ್ರೇ. ನೀವು ತಂದು ತೋರಿಸಿದ ಮೂರೂ ತಲಾ ನಾಲ್ಕು ಟಿಬಿದು, ನಾನ್ ಕೊಟ್ಟಿದ್ದು ಎರಡೇ ಟಿಬಿದು. ಚಿಕ್ಕದು ಎಷ್ಟು ಹಿಡಿಯುತ್ತೋ ದೊಡ್ಡವೂ ಅಷ್ಟೇ ಹಿಡಿಯೋದು. ನೀವು ಸೈಜೇ ಕೇಳಲಿಲ್ವಲ್ಲ!"

ಗೋತ್ರ ಕೇಳಿದ ಮಹಾನುಭಾವರು ವರನ ಎತ್ತರ ಕೇಳಿರಲಿಲ್ಲ. ಮೂವರು ಮಹಾಕಾಯರು ಕುಳ್ಳನೊಬ್ಬನಿಗಾಗಿ ಮಂಡಿಯೂರಿ ಕುಳಿತಿದ್ದರು.

ಸರ್ವಮಂಗಳಮ್ಮ ಕೈ ಒರೆಸಿಕೊಳ್ಳುತ್ತ ಬಂದರು. "ಹಾಡೆಲ್ಲ ಬಂತೇನ್ರಿ?"

"ಬಂತು. ಆದ್ರೆ ಜಾಗ ಅರ್ಧಕ್ಕರ್ಧ ಹೋಯ್ತು ಕಣೇ."

"ನನ್ನ ಹಾಡಿಗೆ ಎಷ್ಟು ಬೇಕಾಯ್ತು?"

ವೀರರು ಲೆಕ್ಕ ನೋಡಿ ತಲೆ ತಗ್ಗಿಸಿದರು. ನಲವತ್ತೊಂದು ಜಿಬಿ. ಮದುವೆ ಛತ್ರದ ಮೂಲೆಯಲ್ಲಿಟ್ಟ ಒಂದು ಬಾಳೆಹಣ್ಣಿನಷ್ಟು ಜಾಗ. ಕಿಸೆಗೆ ಹಾಕುವ ಪೆನ್‌ಡ್ರೈವ್ ಒಂದರಲ್ಲೇ ಹಿಡಿಸುತ್ತಿತ್ತು.

ಆಕೆ ಒಂದು ಹಾಡು ಹಾಕಿಸಿ, ಅದು ಮುಗಿಯುವ ತನಕ ನಿಂತೇ ಕೇಳಿದರು. ಆಮೇಲೆ ಪರದೆಯ ಮೇಲಿನ ಆ ಖಾಲಿ ಬಯಲನ್ನೂ ಗಂಡನ ಬಾಡಿದ ಮೋರೆಯನ್ನೂ ನೋಡಿ ನಕ್ಕುಬಿಟ್ಟರು. ಆ ಡಿಸ್ಕು ಅಳಿಸಿಹೋದಂದಿನಿಂದ, ಎರಡು ವರ್ಷ, ಆಕೆ ಗಂಡನನ್ನು ಕರೆಯದೆ ಒಬ್ಬರೇ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದರು.

"ಕುಣಿಗಲ್ ಕಡೆ ಇನ್ನೂ ಒಂಬತ್ತು ಜನ ಅಜ್ಜೀರು ಉಳಿದವ್ರೆ. ಈ ಭಾನುವಾರ ಗೋತ್ರ ನೋಡೋದ್ ಬಿಟ್ಟು ಸ್ಕೂಟರ್ ತೆಗೀರಿ, ಹೋಗ್ಬರಣ."

"ರೆಕಾರ್ಡರ್ ನಾನು ಹಿಡ್ಕೊಳ್ಳಲಾ?"

"ನೀವು ಮುಟ್ಟಬೇಡಿ. ಪೆಟ್ರೋಲ್ ಹಾಕ್ಸಿ ಸಾಕು."